ಕೇಬಲ್ಲಿನ ಮೂತಿ ನೋಡಿ ಮೋಸ ಹೋಗಬೇಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಆರಿಸಿಕೊಂಡ ಐದು ಪ್ರಶ್ನೆಗಳೂ ಯುಎಸ್‌ಬಿ ಕೇಬಲ್ಲಿನವೇ. ಉತ್ತರಿಸುತ್ತಿರುವವರು ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ಕನ್ನಡಿಗರು.

ಮಳೆಗಾಲಕ್ಕೆ ಮುಂಚೆ ಕಪಾಟು ಖಾಲಿ ಮಾಡುವಾಗ ಶ್ರೀಖಂಡದ ಹಳೇ ಡಬ್ಬಿಯಲ್ಲಿ ಹನ್ನೊಂದು ಕೇಬಲ್ ಸಿಕ್ಕವು. ಒಂದೊಂದರ ಮೂತಿ ಒಂದೊಂದು ತರಹ. ಪೇಪರ್ ಮೇಲೆ ಹರವಿ ಫೋಟೊ ಕಳಿಸಿದ್ದೇನೆ. ಯಾವುದಕ್ಕೆ ಏನನ್ನುತ್ತಾರೆ, ಯಾವುದು ಬೇಕು, ಯಾವುದು ಬೇಡ? ಮಗನನ್ನು ಕೇಳಿದರೆ “ಎಲ್ಲ ಬಿಸಾಡಮ್ಮ” ಅನ್ನುತ್ತಾನೆ.
– ನಿವೃತ್ತ ಶಿಕ್ಷಕಿ, ಮುಲುಂಡ್

ಫೋಟೊ ಚೆನ್ನಾಗಿ ಬಂದಿದೆ ಟೀಚರ್. ಸಾಲಾಗಿ ಜೋಡಿಸಿದ್ದು ನೋಡಿಯೇ ನೀವು ಮೇಷ್ಟ್ರೆಂದು ಗೊತ್ತಾಯಿತು.

ಹನ್ನೊಂದರಲ್ಲಿ ಹತ್ತಕ್ಕೆ ಒಂದು ತುದಿ ಒಂದೇ ತರಹ ಇದೆಯಲ್ಲ, ಚಪ್ಪಟೆ ತಗಡಿನ ಆಯತ, ಅದು ಟೈಪ್-ಎ. ಚಾರ್ಜರಿಗೆ, ಕಂಪ್ಯೂಟರಿಗೆ, ಟಿವಿಯ ಬೆನ್ನಿಗೆ ಚುಚ್ಚುವುದು ಅದನ್ನೇ. ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಅಂದಿನ ಮೂತಿ ಇಂದಿನ ತೂತಿಗೂ ಹೋಗುತ್ತದೆ. ಇದರ ಹಿಂದಿದ್ದ ತಂಡದ ಮುಖ್ಯಸ್ಥರಲ್ಲಿ ಒಬ್ಬರು ಇಂಟೆಲ್‌ನ ಅಜಯ್ ಭಟ್. ಹೆಸರು ಕೇಳಿ ನಮ್ಮ ಉಡುಪಿ ಕಡೆಯವರು ಎಂದು ಹೆಮ್ಮೆಪಟ್ಟವರನ್ನು ನಾನು ಬಲ್ಲೆ. ಅವರು ಬರೋಡದಲ್ಲಿ ಓದಿದ ಗುಜರಾತಿನವರು. ಎರಡೂ ಬದಿಗೆ ಕೂರುವ ಹಾಗೆ ಯಾಕೆ ಮಾಡಲಿಲ್ಲ ಎಂದು ಕೇಳಿದವರಿಗೆ ಅವರು ಕೊಟ್ಟ ಕಾರಣ ಖರ್ಚು. ಹಾಗೆ ಮಾಡಿದರೆ ತಂತಿಯೂ ಇಮ್ಮಡಿ, ದುಡ್ಡೂ ಇಮ್ಮಡಿ. ಹಾಗಾಗಿ ನಾವು ತಿರುಗಿಸಿ ತಿರುಗಿಸಿ ಚುಚ್ಚುತ್ತ ಬಂದೆವು. ತ್ರಿಶೂಲದಂಥ ಗುರುತು ಇರುವ ಬದಿ ನಿಮ್ಮ ಕಡೆಗಿದ್ದರೆ ಸಾಮಾನ್ಯವಾಗಿ ಮೊದಲ ಸಲಕ್ಕೇ ಕೂರುತ್ತದೆ.

ಎ ಮೂತಿಯೊಳಗೆ ಇಣುಕಿ ನೋಡಿ. ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ ಮೇಲೆ ನಾಲ್ಕು ಹಳದಿ ಪಟ್ಟಿ ಕಂಡರೆ ಹಳೆಯ ವೇಗದ್ದು. ಪ್ಲಾಸ್ಟಿಕ್ ನೀಲಿಯಾಗಿದ್ದು, ಆ ನಾಲ್ಕರ ಹಿಂದೆ ಇನ್ನೈದು ಸಣ್ಣ ಪಟ್ಟಿ ಇದ್ದರೆ ಅದು 2008ರಲ್ಲಿ ಬಂದ ಯುಎಸ್‌ಬಿ 3. ನಿಮ್ಮ ಫೋಟೊದಲ್ಲಿ ನೀಲಿ ಇರುವುದು ಒಂದಕ್ಕೇ. ಅದರ ಇನ್ನೊಂದು ತುದಿ ಅಗಲವಾಗಿ, ನಡುವೆ ಕಚ್ಚಿದಂತೆ ಎರಡು ಭಾಗವಾಗಿದೆ. ಮನೆಯಲ್ಲಿ ಎಲ್ಲೋ ಒಂದು ಹಾರ್ಡ್‌ಡಿಸ್ಕ್ ಇರಬೇಕು, ಹುಡುಕಿ. ಮದುವೆ ಫೋಟೊಗಳು ಅದರಲ್ಲೇ ಇದ್ದೀತು. ಈ ಕೇಬಲ್ ಕಳೆದರೂ ಗಾಬರಿ ಬೇಡ. ಆ ಹಾರ್ಡ್‌ಡಿಸ್ಕಿನ ತೂತಿನ ದೊಡ್ಡ ಭಾಗಕ್ಕೆ ಹಳೇ ಫೋನಿನ ಸಾದಾ ಪಿನ್ ಕೂರುತ್ತದೆ. ನಿಧಾನವಾದರೂ ಕೆಲಸ ನಡೆಯುತ್ತದೆ.

ಆ ಸಾದಾ ಪಿನ್ ಎಂದರೆ ಮೈಕ್ರೊ. ನಿಮ್ಮ ಬಳಿ ಐದಿವೆ. ಒಂದು ಬದಿ ಸಪೂರ, ಇನ್ನೊಂದು ಬದಿ ಅಗಲ, ಕೆಳಗೆ ಎರಡು ಪುಟ್ಟ ಕೊಕ್ಕೆ. ಅದಕ್ಕಿಂತ ದಪ್ಪಗೆ, ಕುಳ್ಳಗೆ ಇರುವ ಒಂಟಿ ಕೇಬಲ್ ಮಿನಿ, ಹಳೇ ಡಿಜಿಟಲ್ ಕ್ಯಾಮೆರಾದ್ದು. ಮಿನಿಯನ್ನು ಸುಮಾರು 5,000 ಸಲ ಚುಚ್ಚಿ ತೆಗೆಯಬಹುದು ಎಂಬ ಲೆಕ್ಕದಲ್ಲಿ ಮಾಡಿದ್ದರು. ಮೈಕ್ರೊಗೆ ಅದು 10,000ಕ್ಕೆ ಏರಿತು, ಮತ್ತು ಸವೆಯುವ ಸ್ಪ್ರಿಂಗನ್ನು ಫೋನಿನಿಂದ ಕೇಬಲ್ಲಿಗೆ ವರ್ಗ ಮಾಡಿದರು. ಹಾಳಾದರೆ ಐವತ್ತು ರೂಪಾಯಿಯ ಕೇಬಲ್ ಹಾಳಾಗಲಿ, ಫೋನ್ ಉಳಿಯಲಿ ಎಂಬ ಯೋಚನೆ. ಒಳ್ಳೆಯ ಯೋಚನೆಯೇ, ಆದರೆ ಜನ ತಿರುಗಾಮುರುಗಾ ಒತ್ತಿ ಫೋನನ್ನೂ ಹಾಳು ಮಾಡಿಕೊಂಡರು.

ಚೌಕವಾಗಿ, ಮೇಲಿನ ಎರಡು ಮೂಲೆ ಚಿವುಟಿದಂತೆ ಇರುವುದು ಟೈಪ್-ಬಿ, ಪ್ರಿಂಟರಿನದ್ದು. ಉಳಿದ ಮೂರರಲ್ಲಿ ಎರಡಕ್ಕೆ ಒಂದು ತುದಿ, ಒಂದಕ್ಕೆ ಎರಡೂ ತುದಿ, ಮೊಟ್ಟೆಯನ್ನು ಅದುಮಿದ ಆಕಾರದಲ್ಲಿದೆ: ಟೈಪ್-ಸಿ. ಅಂಗಡಿಯವರ ಬಾಯಲ್ಲಿ ಸಿ ಟೈಪ್. 2014ರಲ್ಲಿ ಬಂದದ್ದು. ಮೇಲೆ ಹನ್ನೆರಡು, ಕೆಳಗೆ ಹನ್ನೆರಡು, ಒಟ್ಟು 24 ಸಂಪರ್ಕಬಿಂದುಗಳು. ಮೇಲು ಕೆಳಗು ಒಂದೇ ಆದ್ದರಿಂದ ಹೇಗೆ ಚುಚ್ಚಿದರೂ ಸರಿ. ಭಟ್ಟರ ಕಾಲದಲ್ಲಿ ದುಬಾರಿ ಎನಿಸಿದ್ದು ಈಗ ಕೈಗೆಟುಕಿದೆ.

ಸಿ ಮೂರನ್ನೂ, ಹಾರ್ಡ್‌ಡಿಸ್ಕಿನದನ್ನೂ ಇಟ್ಟುಕೊಳ್ಳಿ. ಮೈಕ್ರೊ ಎರಡು ಸಾಕು. ಹಳೇ ಪವರ್‌ಬ್ಯಾಂಕಿಗೋ ಬ್ಲೂಟೂತ್ ಸ್ಪೀಕರಿಗೋ ಬೇಕಾಗುತ್ತದೆ. ಪ್ರಿಂಟರ್, ಕ್ಯಾಮೆರಾ ಇಲ್ಲದಿದ್ದರೆ ಬಿ ಮತ್ತು ಮಿನಿ ಹೋಗಲಿ, ಆದರೆ ಹಸಿ ಕಸಕ್ಕೆ ಹಾಕದೆ ಇ-ಕಸದವರಿಗೆ ಕೊಡಿ.

ನಮ್ಮ ಹೋಟೆಲಿನ ಬಿಲ್ ಪ್ರಿಂಟರ್ ಊಟದ ಹೊತ್ತಿಗೇ ನಿಂತುಬಿಡುತ್ತದೆ. ಹಿಂದಿನ ಚೌಕ ಪಿನ್ ಅಲ್ಲಾಡಿಸಿದರೆ ಮತ್ತೆ ಶುರು. ಪ್ರಿಂಟರ್ ಬದಲಿಸಬೇಕಾ?
– ಹೋಟೆಲ್ ಮ್ಯಾನೇಜರ್, ಅಂಧೇರಿ

ಬೇಡ ಮಾರಾಯ್ರೆ. ಮೊದಲು ಕೇಬಲ್ ಬದಲಿಸಿ. ಅದು ಎ-ಯಿಂದ ಬಿ ಕೇಬಲ್, ದೊಡ್ಡ ದುಡ್ಡೇನಲ್ಲ. ಬಿ ಮೂತಿಗೆ ಬೀಗವಿಲ್ಲ, ಕೇವಲ ಬಿಗಿತದ ಮೇಲೆ ನಿಂತಿರುತ್ತದೆ. ಗಲ್ಲಾದಲ್ಲಿ ಪ್ರಿಂಟರನ್ನು ಆಚೀಚೆ ತಿರುಗಿಸುತ್ತ ಕೇಬಲ್ ಜಗ್ಗಿದರೆ ಸಡಿಲಾಗುತ್ತದೆ. ಅಡುಗೆಮನೆಯ ಹಬೆ, ಎಣ್ಣೆ ಜಿಡ್ಡು ಬೇರೆ. ಒಂದೂವರೆ ಮೀಟರಿನದು ತನ್ನಿ, ಪ್ರಿಂಟರಿನ ಹತ್ತಿರ ಒಂದು ಸುತ್ತು ಸಡಿಲ ಬಿಟ್ಟು ಮೇಜಿಗೆ ಕ್ಲಿಪ್ ಹಾಕಿ. ನೀಲಿ ನಾಲಗೆಯ, ತಲೆಯ ಮೇಲೆ ಗೂನು ಇರುವ ಬಿ ತರಬೇಡಿ; ಅದು ನಿಮ್ಮ ಪ್ರಿಂಟರಿಗೆ ಹೋಗುವುದೇ ಇಲ್ಲ.

ಡೊಂಬಿವಲಿ ಲೋಕಲ್‌ನಲ್ಲಿ ಸೆಕೆ ತಾಳಲಾರದೆ ಕೈಯಲ್ಲಿ ಹಿಡಿಯುವ ಚಾರ್ಜಿಂಗ್ ಫ್ಯಾನ್ ತಗೊಂಡೆ. ಟೈಪ್-ಸಿ ತೂತು ಇದೆ. ಆದರೆ ಫೋನಿನ ಹೊಸ ಚಾರ್ಜರಿಗೆ ಹಾಕಿದರೆ, ಅದರ ಕೇಬಲ್ಲಿನ ಎರಡೂ ತುದಿ ಸಿ, ದೀಪವೇ ಉರಿಯುವುದಿಲ್ಲ. ಫ್ಯಾನಿನ ಜೊತೆ ಬಂದ ಗೇಣುದ್ದದ ಕೇಬಲ್ಲಿನಲ್ಲಿ, ಹಳೇ ಚಾರ್ಜರಿನಲ್ಲಿ ಮಾತ್ರ ಆಗುತ್ತದೆ. ಅಂಗಡಿಯವನು “ಆಪ್ಕಾ ಚಾರ್ಜರ್ ಖರಾಬ್ ಹೈ” ಅಂದ.
– ಬ್ಯಾಂಕ್ ನೌಕರ, ಡೊಂಬಿವಲಿ

ಚಾರ್ಜರ್ ಸರಿಯಾಗಿದೆ. ಕುಂಟುತ್ತಿರುವುದು ಫ್ಯಾನ್. ವಾರಕ್ಕೆ ಇಬ್ಬರಾದರೂ ಟ್ರಿಮ್ಮರ್, ಟಾರ್ಚ್, ನೆಕ್‌ಬ್ಯಾಂಡ್ ಹಿಡಿದು ಇದೇ ದೂರಿನೊಂದಿಗೆ ನನ್ನ ಬಳಿ ಬರುತ್ತಾರೆ.

ಹಳೇ ಟೈಪ್-ಎ ಚಾರ್ಜರ್ ಎಂದರೆ ಸದಾ ತೆರೆದಿರುವ ನಲ್ಲಿ. ಯಾರು ಪಾತ್ರೆ ಹಿಡಿಯಲಿ, ಬಿಡಲಿ, 5 ವೋಲ್ಟ್ ಬಾಗಿಲಲ್ಲೇ ನಿಂತಿರುತ್ತದೆ. ಟೈಪ್-ಸಿಯಲ್ಲಿ ಹಾಗೆ ನಡೆಯುವುದಿಲ್ಲ, ಎರಡೂ ತುದಿ ಒಂದೇ ಅಲ್ಲವೇ? ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂದು ಮೊದಲು ಗೊತ್ತಾಗಬೇಕು. ಹಾಗಾಗಿ ಸಿ ಚಾರ್ಜರ್ ನಲ್ಲಿಯನ್ನು ಮುಚ್ಚಿಟ್ಟು ಕಾಯುತ್ತದೆ. ಎದುರಿನ ಸಾಧನ ತನ್ನ ತೂತಿನೊಳಗೆ 5.1 ಕಿಲೋಓಮ್‌ನ ಪುಟ್ಟ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ, ಇಟ್ಟಿರಬೇಕು, ಮೇಲಿನ ಬದಿಗೊಂದು, ಕೆಳಗಿನ ಬದಿಗೊಂದು. ಅದು ಕಂಡಾಗ “ಓಹೋ, ಮನೆಯಲ್ಲಿ ಜನ ಇದ್ದಾರೆ” ಎಂದು ಚಾರ್ಜರ್ ಕರೆಂಟು ಬಿಡುತ್ತದೆ. ನಿಮ್ಮ ಫ್ಯಾನ್ ಮಾಡಿದವರು ಆ ಎರಡು ರೆಸಿಸ್ಟರ್ ಹಾಕಿಲ್ಲ. ಸಾಸಿವೆಗಿಂತ ಚಿಕ್ಕದು, ಬೆಲೆ ಪೈಸೆಯಲ್ಲಿ. ಅಷ್ಟನ್ನು ಉಳಿಸಲು ಹೋಗಿ ಗಿರಾಕಿಯನ್ನು ಅಂಗಡಿಗೆ ಅಲೆಸಿದರು. ಎರಡರ ಬದಲು ಒಂದೇ ಹಾಕುವವರೂ ಇದ್ದಾರೆ. ಅಂಥವು ಪಿನ್ ಒಂದು ಕಡೆಗಿದ್ದರೆ ಚಾರ್ಜ್ ಆಗುತ್ತವೆ, ತಿರುಗಿಸಿ ಹಾಕಿದರೆ ಇಲ್ಲ. ದೊಡ್ಡವರೂ ಎಡವಿದ್ದಾರೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೊದಲ ಬೋರ್ಡುಗಳಲ್ಲೂ ಇದೇ ರೆಸಿಸ್ಟರಿನ ತಪ್ಪಾಗಿ, ಕೆಲವು ಒಳ್ಳೆಯ ಕೇಬಲ್‌ಗಳಲ್ಲೇ ಅದು ಶುರುವಾಗುತ್ತಿರಲಿಲ್ಲ. ಆಮೇಲೆ ಸರಿಪಡಿಸಿದರು.

ನಿಮಗೆ ಎರಡು ದಾರಿ. ಹಳೇ ಚಾರ್ಜರನ್ನು ಫ್ಯಾನಿಗೆಂದೇ ಇಟ್ಟುಬಿಡಿ. ಇಲ್ಲವೇ ಒಂದು ಕಡೆ ಸಿ ಪಿನ್, ಇನ್ನೊಂದು ಕಡೆ ಎ ತೂತು ಇರುವ ಬೆರಳುಗಾತ್ರದ ಓಟಿಜಿ ಅಡಾಪ್ಟರ್ ತಗೊಂಡು ಹೊಸ ಚಾರ್ಜರಿನ ಸಿ ತೂತಿಗೆ ಸಿಕ್ಕಿಸಿ, ಅದಕ್ಕೆ ಆ ಗೇಣುದ್ದದ ಕೇಬಲ್ ಹಾಕಿ. ಅಡಾಪ್ಟರಿನೊಳಗೆ ಆ ರೆಸಿಸ್ಟರ್ ಇರುತ್ತದೆ, ಫ್ಯಾನಿನ ಪರವಾಗಿ ಅದೇ “ಹಾಜರ್” ಹೇಳುತ್ತದೆ.

ಊರಿನ ಮೇಳ ಮಳೆಗಾಲದಲ್ಲಿ ಮುಂಬೈಗೆ ಬಂದಾಗ ಯಕ್ಷಗಾನದ ವಿಡಿಯೊ ಮಾಡುತ್ತೇನೆ. ಒಂದು ಆಟಕ್ಕೆ 60 ಜಿಬಿ ಆಗುತ್ತದೆ. ವಿಡಿಯೊ ತುಂಬಿಡುವ ಹೊಸ ಎಸ್‌ಎಸ್‌ಡಿ (ವೇಗದ ಡಿಸ್ಕ್), ಹೊಸ ಲ್ಯಾಪ್‌ಟಾಪ್, ಎರಡಕ್ಕೂ ಟೈಪ್-ಸಿ. ಆದರೂ ಕಾಪಿ ಆಗಲು ಅರ್ಧ ಗಂಟೆಯ ಹತ್ತಿರ. ಅದೇ ಕೇಬಲ್ಲಿನಲ್ಲಿ 100 ವಾಟ್ ಚಾರ್ಜರ್ ಹಾಕಿದರೂ ಲ್ಯಾಪ್‌ಟಾಪ್ “ಸ್ಲೋ ಚಾರ್ಜರ್” ಎನ್ನುತ್ತದೆ.
– ವಿದ್ಯಾರ್ಥಿ, ವಾಶಿ

ಕೇಬಲ್ ಎಲ್ಲಿಯದು ಎಂದು ಬರೆದಿಲ್ಲ, ಆದರೂ ಹೇಳುತ್ತೇನೆ: ಫೋನಿನ ಡಬ್ಬಿಯಲ್ಲಿ ಬಂದದ್ದು. ಸರಿಯೇ?

ಮೂತಿ ಟೈಪ್-ಸಿ ಆದ ಮಾತ್ರಕ್ಕೆ ಒಳಗೆ ವೇಗದ ತಂತಿಗಳೆಲ್ಲ ಇರುತ್ತವೆ ಎಂದೇನಿಲ್ಲ. ಫೋನಿನ ಜೊತೆ ಕೊಡುವ ಬಹುಪಾಲು ಸಿ ಕೇಬಲ್‌ಗಳಲ್ಲಿ 2000ನೇ ಇಸವಿಯ ಯುಎಸ್‌ಬಿ 2ರ ತಂತಿಗಳೇ ಇರುವುದು. ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್‌ನಂತೆ ಲೆಕ್ಕ ಹಾಕಿ, ಸೋರಿಹೋಗುವುದನ್ನು ಕಳೆದರೆ ಕೈಗೆ ಸಿಗುವುದು 40 ಮೆಗಾಬೈಟ್‌ನ ಸುತ್ತಮುತ್ತ. ನಿಮ್ಮ 60 ಜಿಬಿಗೆ ಇಪ್ಪತ್ತೈದು ನಿಮಿಷ. ಲೆಕ್ಕ ತಾಳೆಯಾಯಿತಲ್ಲ? ಸೆಕೆಂಡಿಗೆ 10 ಗಿಗಾಬಿಟ್ ಎಂದು ಬರೆದ ಕೇಬಲ್ ಹಾಕಿದರೆ, ಲ್ಯಾಪ್‌ಟಾಪಿನ ತೂತೂ ಎಸ್‌ಎಸ್‌ಡಿಯೂ ಆ ವೇಗದವಾದರೆ, ಎರಡು ಮೂರು ನಿಮಿಷದ ಕೆಲಸ. ದುಬಾರಿ ಫೋನಿನವರೂ ಇದಕ್ಕೆ ಹೊರತಲ್ಲ: 2023ರಲ್ಲಿ ಐಫೋನ್ 15 ಟೈಪ್-ಸಿಗೆ ಬಂದಾಗ ಡಬ್ಬಿಯಲ್ಲಿ ಇಟ್ಟದ್ದು ಇದೇ 480ರ ಕೇಬಲ್.

ಹೆಸರು ನೋಡಿ ಕೊಳ್ಳಲು ಹೋಗಬೇಡಿ. 3.0 ಎಂದದ್ದನ್ನೇ ಆಮೇಲೆ 3.1 ಜೆನ್ 1 ಎಂದರು, ಮತ್ತೆ 3.2 ಜೆನ್ 1 ಎಂದರು. ಒಂದೇ ಮಗುವಿಗೆ ಮೂರು ಸಲ ನಾಮಕರಣ. ವೇಗ ಮಾತ್ರ ಅದೇ 5 ಗಿಗಾಬಿಟ್. ಎಷ್ಟು ಗಿಗಾಬಿಟ್, ಎಷ್ಟು ವಾಟ್, ಈ ಎರಡು ಸಂಖ್ಯೆ ಕೇಳಿ.

ವಾಟಿನ ಕತೆಯೂ ಇಂಥದ್ದೇ. ಸಾಮಾನ್ಯ ಸಿ ಕೇಬಲ್ 3 ಆಂಪಿಯರ್ ಹೊರುತ್ತದೆ, 20 ವೋಲ್ಟಿಗೆ 60 ವಾಟ್. ಅದಕ್ಕಿಂತ ಹೆಚ್ಚು ಬೇಕೆಂದರೆ ಕೇಬಲ್ಲಿನ ಮೂತಿಯೊಳಗೆ ಒಂದು ಚಿಪ್ ಇರಬೇಕು. “ನಾನು 5 ಆಂಪಿಯರ್ ತಡೆಯುತ್ತೇನೆ” ಎಂದು ಅದು ಚಾರ್ಜರಿಗೆ ಹೇಳುತ್ತದೆ. ಹೇಳುವವರಿಲ್ಲದಿದ್ದರೆ 100 ವಾಟಿನ ಚಾರ್ಜರೂ 60ಕ್ಕೇ ನಿಲ್ಲುತ್ತದೆ. ಅದು ಚಾರ್ಜರಿನ ದೋಷವಲ್ಲ, ಕೇಬಲ್ ಬೆಂಕಿ ಹಿಡಿಯದಿರಲಿ ಎಂಬ ಎಚ್ಚರಿಕೆ. 2021ರ ನಿಯಮದಂತೆ ಇದು 240 ವಾಟಿನವರೆಗೂ ಹೋಗುತ್ತದೆ. ಈಗ ಪ್ರಮಾಣಿತ ಕೇಬಲ್‌ಗಳ ಮೇಲೆ 60 ಅಥವಾ 240 ಎಂದೇ ಗುರುತು ಹಾಕುತ್ತಾರೆ.

ಎರಡಕ್ಕೂ ಒಂದೇ ಕೇಬಲ್ ಬೇಡ ಎಂಬುದು ನನ್ನ ಸಲಹೆ. ಎಸ್‌ಎಸ್‌ಡಿಗೆ ಮೊಳದುದ್ದದ, ದಪ್ಪನೆಯ, ವೇಗದ ಕೇಬಲ್. ಚಾರ್ಜಿಗೆ ಎರಡು ಮೀಟರಿನ, ಹೆಚ್ಚು ವಾಟಿನ, ವೇಗವಿಲ್ಲದ ಕೇಬಲ್. ಎರಡೂ ಗುಣ ಒಂದರಲ್ಲೇ ಬೇಕೆಂದರೆ ಬೆಲೆ ಜಾಸ್ತಿ, ಉದ್ದ ಕಮ್ಮಿ.

ಸ್ಟೇಷನ್ನಿನ ಹೊರಗೆ ಗುಡ್ಡೆ ಹಾಕಿ ಮಾರುವಲ್ಲಿ ಕೊಳ್ಳಬೇಡಿ. ಗ್ರಾಂಟ್ ರೋಡಿನಲ್ಲಿ ಇಳಿದು ದಿನಾ ಅಂಗಡಿಗೆ ನಡೆಯುವ ನಾನೇ ಒಮ್ಮೆ ಆಸೆಗೆ ಬಿದ್ದು, “ಸೌ ವಾಟ್, ಸೌ ರುಪಯಾ” ಎಂದು ಕೂಗುತ್ತಿದ್ದವನಿಂದ ಐದು ತಂದೆ. ಅಂಗಡಿಯಲ್ಲಿ ಒಂದನ್ನು ಬ್ಲೇಡಿನಿಂದ ಸೀಳಿದೆ. ಮೇಲೆ ಹೆಣೆದ ನೈಲಾನ್ ಬಟ್ಟೆ, ಅದರಡಿ ದಪ್ಪ ರಬ್ಬರು, ಅದರಡಿ ಹೊಸೆದ ನೂಲು. ನೂಲಿನ ನಡುವೆ ತಂತಿ ಎರಡೇ, ಒಂದು ಕೆಂಪು, ಒಂದು ಕಪ್ಪು. ಡೇಟಾ ಹೋಗುವ ಬಿಳಿ, ಹಸಿರು ತಂತಿ ನಾಪತ್ತೆ. ತಾಮ್ರವೋ ಕೂದಲೆಳೆಯಷ್ಟು. ಉಳಿದ ನಾಲ್ಕರಲ್ಲಿ ಒಂದು ಈಗ ಅಂಗಡಿಯ ಶಟರಿನ ಬೀಗದ ಕೈ ಕಟ್ಟಲು ಇದೆ, ಗಟ್ಟಿಯಾಗಿದೆ.

ಫೋನಿನ ಟೈಪ್-ಸಿ ತೂತಿನಲ್ಲಿ ಕೇಬಲ್ ನಿಲ್ಲುವುದಿಲ್ಲ, ಉದುರುತ್ತದೆ. ಮಳೆಯಲ್ಲಿ ನೆನೆದರೆ “ತೇವಾಂಶ ಇದೆ” ಎಂಬ ಎಚ್ಚರಿಕೆ ಬೇರೆ. ಹೊಸ ಫೋನ್ ತಗೊಳ್ಳಲೇ?
– ಗೋರೆಗಾಂವ್‌ನ ಓದುಗರು

ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಟೈಪ್-ಸಿಯಲ್ಲೂ ಸವೆಯುವ ಸ್ಪ್ರಿಂಗ್ ಇರುವುದು ಕೇಬಲ್ಲಿನ ಕಡೆಗೇ. ಹೊಸದೂ ನಿಲ್ಲದಿದ್ದರೆ ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ಪ್ಯಾಂಟಿನ ಜೇಬಿನ ನೂಲು, ಧೂಳು ಸೇರಿ ಆಳದಲ್ಲಿ ಬೂದು ಬಣ್ಣದ ಕಂಬಳಿಯಾಗಿ ಕೂತಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದ್ದರಿಂದ ಉದುರುತ್ತದೆ. ಮರದ ಟೂತ್‌ಪಿಕ್ಕಿನ ತುದಿಯನ್ನು ಇನ್ನಷ್ಟು ಸಪೂರ ಕೆತ್ತಿ, ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಗುಂಡುಸೂಜಿ ಖಂಡಿತ ಬೇಡ. ನಡುವೆ ಒಂದು ತೆಳು ನಾಲಗೆ ಇದೆ, ಎಲ್ಲ ಸಂಪರ್ಕವೂ ಅದರ ಮೇಲೆಯೇ. ಕೆಲಸ ಕಲಿತವನೆಂಬ ಗತ್ತಿನಲ್ಲಿ ನಾನು ಹೆಂಡತಿಯ ಫೋನಿಗೆ ಸೂಜಿ ಹಾಕಿ ಆ ನಾಲಗೆಯನ್ನು ಮುರಿದಿದ್ದೇನೆ. ಹೊಸ ಪೋರ್ಟ್ ಬೆಸೆಯುವ ಕೆಲಸ ಮುಗಿಯುವ ತನಕ ಮನೆಯಲ್ಲಿ ಮಾತಿಲ್ಲ.

ತೇವಾಂಶದ ಎಚ್ಚರಿಕೆ ಬಂದಾಗ ಹಟ ಹಿಡಿದು ಚಾರ್ಜಿಗೆ ಹಾಕಬೇಡಿ. ಒದ್ದೆಯ ಮೇಲೆ ಕರೆಂಟು ಹರಿದರೆ ಸಂಪರ್ಕಬಿಂದುಗಳು ಹಸಿರುಗಟ್ಟುತ್ತವೆ, ನಮ್ಮ ಸಮುದ್ರದ ಉಪ್ಪುಗಾಳಿಗೆ ಇನ್ನೂ ಬೇಗ. ತೂತು ಕೆಳಮುಖ ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಬಿಡಿ. ಹೇರ್ ಡ್ರೈಯರ್ ಬೇಡ, ಅಕ್ಕಿ ಡಬ್ಬವೂ ಬೇಡ. ಅಕ್ಕಿಯ ನುಚ್ಚು ಒಳಗೆ ಸೇರಿದರೆ ಅದನ್ನು ತೆಗೆಯಲು ಮತ್ತೆ ಟೂತ್‌ಪಿಕ್ ಹಿಡಿಯಬೇಕಾಗುತ್ತದೆ.