ತೂಕ ಏರಿತೆಂದು ಮಾತ್ರೆ ಬಿಟ್ಟವರು

ಪದೇ ಪದೇ ಎದುರಾಗುವ ಪ್ರಕರಣವಿದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೂವತ್ತರ ಆಸುಪಾಸಿನ ಮಹಿಳೆ. ಖಿನ್ನತೆಗೆ ಮಿರ್ಟಾಜಪಿನ್ ಎಂಬ ಮಾತ್ರೆ ಶುರುವಾಗಿ ಎಂಟು ತಿಂಗಳು. ಚೇತರಿಸಿಕೊಂಡು ಕೆಲಸಕ್ಕೂ ಮರಳಿದ್ದರು. ಆ ದಿನ ಮಾತ್ರ ತಲೆಸುತ್ತು, ಸಿಡುಕು, ನಿದ್ದೆಯಿಲ್ಲ ಎಂದರು. ವಿಚಾರಿಸಿದಾಗ ಬಾಯಿಬಿಟ್ಟರು: "ಮಾತ್ರೆ ಬಿಟ್ಟು ವಾರ ಆಯ್ತು ಮೇಡಂ. ಖಿನ್ನತೆ ಯಾರಿಗೂ ಕಾಣ್ತಿರ್ಲಿಲ್ಲ. ದಪ್ಪ ಆಗಿದ್ದು ಎಲ್ಲರಿಗೂ ಕಾಣುತ್ತೆ."

"ಜೀವಕ್ಕಿಂತ ತೂಕ ಹೆಚ್ಚಾ?" ಎಂದು ಗದರಿಸುವವರಿದ್ದಾರೆ. ಗದರಿಸಿದರೆ ಮುಂದಿನ ಸಲ ಮಾತ್ರೆ ಬಿಟ್ಟದ್ದನ್ನೇ ಮುಚ್ಚಿಡುತ್ತಾರೆ. ಹಾಗಾಗಿ ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಕಾಯಿಲೆಗೆ ಮುಂಚೆ 60 ಕೆಜಿ. ಊಟ ಸೇರದೆ 54ಕ್ಕೆ ಇಳಿದಿತ್ತು. ಈಗ 65. ಅವರ ತಲೆ ತುಂಬ ಇದ್ದದ್ದು "11 ಕೆಜಿ". ಅದರಲ್ಲಿ ಆರು, ಕಾಯಿಲೆ ಕಿತ್ತುಕೊಂಡದ್ದು ವಾಪಸ್ ಬಂದದ್ದು. ಉಳಿದ ಐದರಲ್ಲಿ ಮಾತ್ರೆಯ ಪಾತ್ರ ದೊಡ್ಡದು. ಎಚ್ಚರವಾಗಿರಿಸುವ, ಹಸಿವನ್ನು ಹತೋಟಿಯಲ್ಲಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಕೆಲಸ ಮಾಡುವ ಜಾಗಗಳನ್ನು (ಗ್ರಾಹಕಗಳನ್ನು) ಮಿರ್ಟಾಜಪಿನ್ ತಡೆಯುತ್ತದೆ. ನಿದ್ದೆ ಬರುವುದೂ ಹಸಿವು ಕೆರಳುವುದೂ ಹೆಚ್ಚಾಗಿ ಅದರಿಂದಲೇ. ಬಾಯಿಚಪಲ ಎಂದು ತಮ್ಮನ್ನೇ ಹಳಿದುಕೊಳ್ಳಬೇಕಿರಲಿಲ್ಲ.

ಹಾಳೆಯನ್ನೇ ನೋಡುತ್ತಾ ಕೇಳಿದರು: "ಇದನ್ನೆಲ್ಲ ಮಾತ್ರೆ ಬರೆದ ಡಾಕ್ಟರ ಹತ್ರ ಹೇಳಬಹುದಾ?"

ಹೇಳಲೇಬೇಕು. ತೂಕ ಏರುವುದೂ ಹೇಳಿಕೊಳ್ಳಬೇಕಾದ ತೊಂದರೆಯೇ. ಶೇಕಡಾ 5 ಏರಿದರೆ ಮುಂದಿನ ಭೇಟಿಗೆ ಕಾಯದೆ ತಿಳಿಸಿ ಎನ್ನುತ್ತೇನೆ. ಇವರದು 60ಕ್ಕೆ ಹೋಲಿಸಿದರೆ ಶೇಕಡಾ 8 ದಾಟಿತ್ತು. ಅಂದೇ ವೈದ್ಯರಿಗೆ ಫೋನ್ ಮಾಡಿಸಿದೆ. ವಾರ ಬಿಟ್ಟ ಮಾತ್ರೆಯನ್ನು ಯಾವ ಪ್ರಮಾಣದಿಂದ ಮತ್ತೆ ಶುರುಮಾಡಬೇಕು, ಬೇರೆಯದಕ್ಕೆ ಬದಲಿಸಬೇಕೆ ಎಂಬುದು ಅವರ ತೀರ್ಮಾನ. ತೂಕ ಅಷ್ಟಾಗಿ ಏರಿಸದ ಬುಪ್ರೊಪಿಯಾನ್‌ನಂಥ ಔಷಧಿಗಳೂ ಇವೆ. ಆದರೆ ಫಿಟ್ಸ್ ಇದ್ದವರಿಗೆ, ಉಪವಾಸ-ವಾಂತಿಯ ಆಹಾರ ಕಾಯಿಲೆ ಇದ್ದವರಿಗೆ ಅದು ಸಲ್ಲದು. ಪಕ್ಕದ ಮನೆಯವರ ಚೀಟಿ ನೋಡಿ ಕೇಳುವಂಥದ್ದಲ್ಲ.

ಅವರು ಮಾಡಬೇಕಾದದ್ದೂ ಇತ್ತು. ವಾರಕ್ಕೊಮ್ಮೆ, ಅದೇ ದಿನ, ಬೆಳಗ್ಗೆ ಶೌಚದ ನಂತರ, ಅದೇ ಯಂತ್ರದಲ್ಲಿ ತೂಕ. ದಿನವೂ ನೋಡಿದರೆ ನೀರಿನ ಏರಿಳಿತವೇ ಕಂಗೆಡಿಸುತ್ತದೆ. ರಾತ್ರಿ ಮಾತ್ರೆ ನುಂಗಿದ ಮೇಲೆ, ಹಸಿವು ಕೆರಳುವ ಮುನ್ನ, ಎದ್ದಿರದೆ ನೇರ ಹಾಸಿಗೆಗೆ. ಬೆಳಗಿನ ತಿಂಡಿ ತಪ್ಪಿಸಿದರೆ ರಾತ್ರಿ ಸಿಹಿಯ ಸೆಳೆತ ಹೆಚ್ಚಬಹುದು. ಥೈರಾಯ್ಡ್, ಸಕ್ಕರೆ ಪರೀಕ್ಷೆಯನ್ನೂ ಕೇಳಿಕೊಳ್ಳಲು ಹೇಳಿದೆ.

ಎಲ್ಲ ಮಾತ್ರೆಗಳೂ ಹೀಗಲ್ಲ. ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್ ಶುರುವಿನಲ್ಲಿ ವಾಕರಿಕೆ ತಂದು ಊಟ ಇಳಿಸುವುದುಂಟು. ಊಟದ ಜೊತೆ ತೆಗೆದುಕೊಂಡರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ಪ್ಯಾರೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ತೂಕ ಏರಿಸುವ ಸಾಲಿನವು. ಯಾವುದೇ ಇರಲಿ, ಮೊದಲ ಮಾತ್ರೆಯ ದಿನವೇ ತೂಕ, ಸೊಂಟದ ಸುತ್ತಳತೆ ಬರೆದಿಡಿ, ಕಾಯಿಲೆಗೆ ಮುಂಚಿನ ತೂಕದ ಸಮೇತ.