ಗೇಜ್ ಮುಳ್ಳು 15ಕ್ಕೆ ಬಂದರೂ ಜೋಳ ಹುಳಿಯೋದು ಯಾಕೆ

ಮಾಲೂರಿನ ಅಣ್ಣ ಕೇಳಿದ್ದು ಎರಡು. ಸೆಕೆಂಡ್‌ಹ್ಯಾಂಡ್ ಆಟೋಕ್ಲೇವ್‌ನಲ್ಲಿ (ಒತ್ತಡದ ಆವಿಯಲ್ಲಿ ಸೂಕ್ಷ್ಮಜೀವಿ ಕೊಲ್ಲೋ ಪಾತ್ರೆ) 15 ಪೌಂಡ್ ಒತ್ತಡಕ್ಕೆ ಒಂದೂವರೆ ಗಂಟೆ ಇಟ್ಟರೂ ಅಣಬೆ ಬೀಜ ಮಾಡೋ ಜೋಳ ಲೋಳೆಯಾಗಿ ಹುಳಿ ವಾಸನೆ ಬರ್ತಿದೆ, ಯಾಕೆ? ಸೇಫ್ಟಿ ವಾಲ್ವ್ ಸುಮ್ಮಸುಮ್ಮನೆ ಆವಿ ಬಿಡುತ್ತೆ, ಮೇಲೆ ತೂಕ ಕಟ್ಟಲೇ?

ಎರಡನೇದು ಮೊದಲು ಹೇಳ್ತೀನಿ. ಕಟ್ಟಬೇಡಿ ಅಣ್ಣ, ದಮ್ಮಯ್ಯ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ವಾಲ್ವ್ ದಾರಿ ಮುಚ್ಚಿದರೆ ಮುಚ್ಚಳವೇ ದಾರಿ. ಮುಳ್ಳು 15ರ ಹತ್ತಿರ ಇದ್ದಾಗಲೇ ವಾಲ್ವ್ ಸೋರ್ತಿದ್ದರೆ ಅದರ ಕೂರೋ ಜಾಗದಲ್ಲಿ ಕಸ, ಉಪ್ಪು ಕಟ್ಟಿರುತ್ತೆ, ಇಲ್ಲಾ ಸ್ಪ್ರಿಂಗ್ ಸೋತಿರುತ್ತೆ. ಹೊಸದು ಹಾಕಿಸಿ. ಮುಳ್ಳು 20 ದಾಟಿದ ಮೇಲೆ ಬಿಡ್ತಿದ್ದರೆ ವಾಲ್ವ್ ಅದರ ಕೆಲಸ ಮಾಡ್ತಿದೆ ಅಂತ. ಆಗ ನೋಡಬೇಕಾದ್ದು ಪ್ರೆಶರ್ ಸ್ವಿಚ್, ಅದು ಕರೆಂಟ್ ಕಡಿಯುತ್ತಿಲ್ಲ.

ಸೋರೋ ವಾಲ್ವ್‌ನಿಂದ ಇನ್ನೊಂದು ಅಪಾಯ ಇದೆ. 3 ಕಿಲೋವಾಟ್ ಕಾಯಿಲ್ ಬಿಡದೆ ಉರಿದರೆ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ನೀರು ಆವಿಯಾಗಿ ಹೋಗುತ್ತೆ. ನೀರು ಇಳಿದು ಕಾಯಿಲ್ ಹೊರಗೆ ಬಂದರೆ ಸುಟ್ಟಿತು ಅಂತಲೇ ಲೆಕ್ಕ. ನೀರು ಕಮ್ಮಿಯಾದರೆ ಆಫ್ ಆಗೋ ಕಟಾಫ್ ಹಳೇದರಲ್ಲಿ ಇರುತ್ತೆ ಅಂತ ನಂಬಬೇಡಿ, ಪ್ರತಿ ಸಲ ಕಣ್ಣಲ್ಲಿ ನೋಡಿ. ನಮ್ಮ ಕೋಲಾರದ ಬೋರ್ ನೀರು ಬೇಡವೇ ಬೇಡ, ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ಕಟ್ಟುತ್ತೆ. ನಾನು ಮಳೆನೀರು ಹಿಡಿದಿಟ್ಟು ಹಾಕ್ತೀನಿ.

ಈಗ ಜೋಳ. ಲೋಳೆ, ಹುಳಿ ಎರಡೂ ಇದ್ದರೆ ಬ್ಯಾಕ್ಟೀರಿಯಾದ ಬೀಜಕಣ ಒಳಗೇ ಉಳಿದಿದೆ. ಹಸಿರು ಬೂಷ್ಟಾದರೆ ಹೆಚ್ಚಾಗಿ ಬೆಂದ ಜೋಳಕ್ಕೆ ಬೀಜ (ಅಣಬೆ ಎಳೆ) ಹಾಕುವಾಗ ಗಾಳಿಯಿಂದ ಬಿದ್ದದ್ದು. ನೀವು ಮುಚ್ಚಳ ಹಾಕಿದ ತಕ್ಷಣ ಆವಿ ಬಿಡೋ ಕಾಕ್ ಮುಚ್ಚುತ್ತೀರಿ ಅನ್ಸುತ್ತೆ. ಗೇಜ್ ತೋರಿಸೋದು ಒತ್ತಡ, ಶಾಖ ಅಲ್ಲ. ಒಳಗಿನ ಗಾಳಿಯೂ ಆವಿ ಜೊತೆ ಸೇರಿಕೊಂಡು ಮುಳ್ಳನ್ನ ಏರಿಸುತ್ತೆ. ಗಾಳಿ ಪೂರ್ತಿ ಹೋಗಿದ್ದರೆ 15 ಪೌಂಡಿಗೆ 121 ಡಿಗ್ರಿ. ಅರ್ಧ ಉಳಿದಿದ್ದರೆ ಅದೇ 15ಕ್ಕೆ 112ರಷ್ಟೇ, ಬೀಜಕಣ ಉಳಿಯೋದು ಅದಕ್ಕೇ. (ನಾವು 800 ಮೀಟರ್ ಎತ್ತರದಲ್ಲಿರೋದರಿಂದ ಇನ್ನೊಂದು ಡಿಗ್ರಿ ಕಮ್ಮಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.) ಕಾಕ್ ತೆರೆದಿಟ್ಟು, ಬುಸುಬುಸು ಅನ್ನೋದು ನಿಂತು ಆವಿ ಒಂದೇ ಸಮನೆ ಜೋರಾಗಿ ಬರಲಿ. ಆಮೇಲೆ ಹತ್ತು ನಿಮಿಷ ಬಿಟ್ಟು ಮುಚ್ಚಿ. ಚೀಲಗಳನ್ನ ಒತ್ತಿ ತುಂಬಬೇಡಿ, ನಡುವೆ ಆವಿ ಓಡಾಡಬೇಕು. ಗಂಟೆ ಲೆಕ್ಕ ಮುಳ್ಳು 15 ಮುಟ್ಟಿದ ಮೇಲೆ. ನಡುವೆ ಕರೆಂಟ್ ಹೋದರೆ ಗಾಳಿ ಬಿಡೋದರಿಂದ ಹಿಡಿದು ಎಲ್ಲಾ ಮೊದಲಿಂದ.

ತೆರೆಯೋದು ಮುಳ್ಳು ಸೊನ್ನೆಗೆ ಬಂದು, ಕಾಕ್ ತೆರೆದರೂ ಏನೂ ಬರದಿದ್ದಾಗ ಮಾತ್ರ. ಒಮ್ಮೆ ಅವಸರಕ್ಕೆ ಕಾಕ್ ಎಳೆದು ಆವಿ ಬಿಟ್ಟಿದ್ದೆ, ಆಲೂಗಡ್ಡೆ ಅಗರ್ (ಅಣಬೆ ಎಳೆ ಬೆಳೆಸೋ ಜೆಲ್ಲಿ) ಬಾಟಲಿಗಳೆಲ್ಲ ಹಾಲಿನ ಥರ ಉಕ್ಕಿ ಹತ್ತಿ ಬಿರಡೆ ಹಾರಿಹೋದವು.

ವಾಲ್ವ್ ಬದಲಿಸಿದ ಮೇಲೆ ಒಂದು ಸಲ ಐದಾರು ಚೀಲ ಮಾತ್ರ ಬೇಯಿಸಿ, ಬೀಜ ಹಾಕದೆ, ಬಾಯಿ ಬಿಚ್ಚದೆ ಒಂದು ವಾರ ಇಡಿ. ಆಗಲೂ ಹುಳಿತರೆ ತಪ್ಪು ಆಟೋಕ್ಲೇವ್‌ದು, ಗೇಜ್ ಫೋಟೋ ಹಾಕಿ. ಹುಳೀದಿದ್ದರೆ ನಿಮ್ಮ ಬೀಜ ಹಾಕೋ ಕೋಣೆ ನೋಡೋಣ.