ಹಳೆ ಡೆಸ್ಕ್‌ಟಾಪ್ ಓವರ್‌ಕ್ಲಾಕ್: ಮೊದಲು ಬೋರ್ಡ್, ಆಮೇಲೆ ರ‍್ಯಾಮ್

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಐ7-2600ಕೆ ಪ್ರೊಸೆಸರ್, ಎಚ್61 ಬೋರ್ಡ್, 4 ಜಿಬಿಯ ಎರಡು ಡಿಡಿಆರ್3-1333 ರ‍್ಯಾಮ್ ಇವೆ. ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಎಷ್ಟು ಹುಡುಕಿದರೂ ಸ್ಪೀಡ್ ಏರಿಸುವ, ಅಂದರೆ ಓವರ್‌ಕ್ಲಾಕ್ ಮಾಡುವ ಆಯ್ಕೆ ಸಿಗುತ್ತಿಲ್ಲ. ಯಾವ ಬೋರ್ಡ್ ತೆಗೆದುಕೊಳ್ಳಲಿ? 2133 ರ‍್ಯಾಮ್ ಹಾಕಿದರೆ ರೆಂಡರ್ ಬೇಗ ಆಗುತ್ತದೆಯೇ?
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಆಯ್ಕೆ ಸಿಗದಿರುವುದು ನಿಮ್ಮ ತಪ್ಪಲ್ಲ, ಆ ಬೋರ್ಡ್‌ನಲ್ಲಿ ಅದು ಇಲ್ಲವೇ ಇಲ್ಲ. 2011ರಲ್ಲಿ ಬಂದ ಈ ಪ್ರೊಸೆಸರ್‌ನ ಹೆಸರಿನ ಕೊನೆಯ 'ಕೆ' ಎಂದರೆ ಮಲ್ಟಿಪ್ಲೈಯರ್ (ಬೇಸ್ ಕ್ಲಾಕ್‌ನ ಎಷ್ಟು ಪಟ್ಟು ವೇಗದಲ್ಲಿ ಓಡಬೇಕೆಂಬ ಸಂಖ್ಯೆ) ತೆರೆದಿದೆ ಎಂದರ್ಥ. ಆದರೆ ಅದನ್ನು ಏರಿಸಲು ಬೋರ್ಡ್‌ನ ಚಿಪ್‌ಸೆಟ್ (ಬೋರ್ಡ್‌ನ ಭಾಗಗಳನ್ನು ನಿಯಂತ್ರಿಸುವ ಮುಖ್ಯ ಚಿಪ್) ಕೂಡ ಒಪ್ಪಬೇಕು. ಪಿ67, ಝಡ್68, ಝಡ್75, ಝಡ್77 ಒಪ್ಪುತ್ತವೆ. ಎಚ್61, ಎಚ್67, ಬಿ75, ಎಚ್77 ಒಪ್ಪುವುದಿಲ್ಲ. 100 ಮೆಗಾಹರ್ಟ್ಜ್‌ನ ಬೇಸ್ ಕ್ಲಾಕನ್ನೇ ಎಳೆಯೋಣ ಅಂದುಕೊಳ್ಳಬೇಡಿ. ಈ ಪೀಳಿಗೆಯಲ್ಲಿ ಪಿಸಿಐ ಎಕ್ಸ್‌ಪ್ರೆಸ್, ಸಾಟಾ, ಯುಎಸ್‌ಬಿ ಎಲ್ಲವೂ ಅದೇ ಕ್ಲಾಕ್‌ಗೆ ಕಟ್ಟಿಕೊಂಡಿವೆ. 105ರ ಆಸುಪಾಸಿನಲ್ಲೇ ಡಿಸ್ಕ್‌ಗೆ ಬರೆಯುವ ಡೇಟಾ ಕೆಡಲು ಶುರುವಾಗಬಹುದು. ಗಿರಾಕಿಯ ಮದುವೆ ಫೂಟೇಜ್ ಇರುವ ಯಂತ್ರದಲ್ಲಿ ಆ ಪ್ರಯೋಗ ಬೇಡ.

ನಿಮಗೆ ನಮ್ಮ ಸಲಹೆ ಝಡ್77, ಅದು ಸಿಗದಿದ್ದರೆ ಝಡ್68. ಪಿ67ನಲ್ಲೂ ಓವರ್‌ಕ್ಲಾಕ್ ಚೆನ್ನಾಗಿಯೇ ಆಗುತ್ತದೆ, ಆದರೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಅಲ್ಲಿ ಕೆಲಸ ಮಾಡದು. ಹಾಗಾಗಿ ವಿಡಿಯೋ ಎನ್‌ಕೋಡ್ ಬೇಗ ಮುಗಿಸುವ ಕ್ವಿಕ್ ಸಿಂಕ್ ಕೈತಪ್ಪುತ್ತದೆ. ನಿಮ್ಮ ಕೆಲಸಕ್ಕೆ ಅದು ದೊಡ್ಡ ನಷ್ಟ. ಜೊತೆಗೆ, ಪಿ67ರ ಮೊದಲ ಕಂತಿನ ಚಿಪ್‌ಗಳಲ್ಲಿ ಸಾಟಾ ಪೋರ್ಟ್ ಕ್ರಮೇಣ ಸೊರಗುವ ದೋಷವಿತ್ತು. 2011ರ ಜನವರಿ ಕೊನೆಯಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ವಾಪಸ್ ಪಡೆಯಿತು. ಸರಿಪಡಿಸಿದ್ದು ಬಿ3 ಆವೃತ್ತಿ. ಪಿ67 ಕೊಳ್ಳುವುದೇ ಆದರೆ ಡಬ್ಬಿ ಅಥವಾ ಬೋರ್ಡ್ ಮೇಲೆ 'ಬಿ3' ಎಂದು ಇದೆಯೇ ನೋಡಿ.

ಈ ಬೋರ್ಡ್‌ಗಳು ಈಗ ಸೆಕೆಂಡ್‌ಹ್ಯಾಂಡ್‌ನಲ್ಲೇ ಸಿಗಬೇಕು. 'ಹೊಸದು' ಎಂದು ಅಗ್ಗಕ್ಕೆ ಮಾರುವವು ಬಹುತೇಕ ಎಚ್61 ಅಥವಾ ಬಿ75. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದಾದರೆ ನಿಮ್ಮ ಪ್ರೊಸೆಸರ್, ರ‍್ಯಾಮ್ ಜೊತೆಗೇ ಒಯ್ಯಿರಿ. ತುಮಕೂರಿಗೆ ಬಂದ ಮೇಲೆ ದೋಷ ಕಂಡರೆ ಮತ್ತೆ 70 ಕಿಲೋಮೀಟರ್ ಹೋಗಬೇಕಾಗುತ್ತದೆ. ಮೊದಲು ಸಾಕೆಟ್ ನೋಡಿ. ಈ ಪ್ರೊಸೆಸರ್ ಕೂರುವ ಎಲ್‌ಜಿಎ 1155 ಸಾಕೆಟ್‌ನಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡ್‌ನಲ್ಲಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಬಾಗಿದ ಪಿನ್ ಸಾಲಿನಿಂದ ಬೇರೆಯಾಗಿ ಹೊಳೆಯುತ್ತದೆ. ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇರುವುದರಿಂದ ಒಂದು ಪಿನ್ ಬಾಗಿದ್ದರೂ ರ‍್ಯಾಮ್‌ನ ಒಂದು ಚಾನೆಲ್ (ಎರಡು ಸ್ಲಾಟ್‌ಗಳ ಗುಂಪು) ಪೂರ್ತಿ ಕಾಣೆಯಾಗಬಹುದು. ಕಂಪ್ಯೂಟರ್ ಆನ್ ಆಗುತ್ತದೆ, ವಿಂಡೋಸ್ ಬರುತ್ತದೆ, ಅಂಗಡಿಯವರು 'ಓಕೆ ಸಾರ್' ಅನ್ನುತ್ತಾರೆ, ಎರಡು ಸ್ಲಾಟ್ ಮಾತ್ರ ಸತ್ತಿರುತ್ತವೆ. ಅದಕ್ಕೇ ನಾಲ್ಕೂ ಸ್ಲಾಟ್‌ನಲ್ಲಿ ಒಂದೊಂದಾಗಿ ರ‍್ಯಾಮ್ ಹಾಕಿಸಿ, ಬಯಾಸ್‌ನಲ್ಲಿ ಎಷ್ಟು ಜಿಬಿ ತೋರಿಸುತ್ತದೆ ಎಂದು ಓದಿ.

ಆಮೇಲೆ ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ. 2600ಕೆ ನಾಲ್ಕೂ ಕೋರ್‌ಗಳಲ್ಲಿ 3.5 ಗಿಗಾಹರ್ಟ್ಜ್‌ಗೆ ಓಡುವಾಗ 95 ವ್ಯಾಟ್‌ನ ಲೆಕ್ಕ. ಬಳಕೆ ಕ್ಲಾಕ್ ಏರಿದಷ್ಟೇ ಏರುತ್ತದೆ, ವೋಲ್ಟೇಜ್‌ಗೆ ಮಾತ್ರ ವರ್ಗದ ಲೆಕ್ಕದಲ್ಲಿ. 1.2 ವೋಲ್ಟ್‌ನಿಂದ 1.3ಕ್ಕೆ, 3.5ರಿಂದ 4.4ಕ್ಕೆ ಹೋದರೆ ಸುಮಾರು 140 ವ್ಯಾಟ್ ಆಗುತ್ತದೆ. ಸಾಕೆಟ್ ಎಡಪಕ್ಕದ ಮಾಸ್ಫೆಟ್‌ಗಳ (ವಿಆರ್‌ಎಂನ ಚಿಕ್ಕ ಚಿಪ್‌ಗಳು) ಮೇಲೆ ಹೀಟ್‌ಸಿಂಕ್ ಇರಬೇಕು, ಪ್ರೊಸೆಸರ್‌ಗೆ 8 ಪಿನ್ನಿನ ಪವರ್ ಕನೆಕ್ಟರ್ ಇರಬೇಕು. 4 ಪಿನ್ ಮಾತ್ರ ಇರುವ ಸಣ್ಣ ಬೋರ್ಡ್ ಬಿಟ್ಟುಬಿಡಿ.

ರ‍್ಯಾಮ್ ವಿಷಯಕ್ಕೆ ಬಂದರೆ, 2133ಕ್ಕೆ ದುಡ್ಡು ಸುರಿಯಬೇಡಿ. ರೆಂಡರ್ ಸಮಯ ನಿರ್ಧಾರವಾಗುವುದು ಮುಖ್ಯವಾಗಿ ಕೋರ್‌ಗಳ ವೇಗದಿಂದ. 3.5ರಿಂದ 4.4ಕ್ಕೆ ಏರಿದರೆ 60 ನಿಮಿಷದ ರೆಂಡರ್ ಅತ್ಯುತ್ತಮ ಸ್ಥಿತಿಯಲ್ಲಿ 48 ನಿಮಿಷಕ್ಕೆ ಇಳಿಯುತ್ತದೆ. ರ‍್ಯಾಮ್ ವೇಗದಿಂದ ಆ ಮಟ್ಟದ ಲಾಭ ಬರುವುದಿಲ್ಲ. ನಿಮಗೆ ಬೇಕಾದದ್ದು 8 ಜಿಬಿಯ ಎರಡರ ಜೋಡಿ, 1600 ಅಥವಾ 1866, 1.5 ವೋಲ್ಟ್. ಕೊಳ್ಳುವಾಗ ಸಿಎಲ್ ಸಂಖ್ಯೆ (ಡೇಟಾ ಕೊಡುವ ಮೊದಲು ಎಷ್ಟು ಕ್ಲಾಕ್ ಕಾಯಬೇಕೆಂಬ ಎಣಿಕೆ) ತಪ್ಪದೆ ಓದಿ. ಸಿಎಲ್ ಅನ್ನು 2000ದಿಂದ ಗುಣಿಸಿ ರ‍್ಯಾಮ್ ವೇಗದಿಂದ ಭಾಗಿಸಿದರೆ ವಿಳಂಬ ನ್ಯಾನೋಸೆಕೆಂಡ್‌ನಲ್ಲಿ ಸಿಗುತ್ತದೆ. ನಿಮ್ಮ 1333 ಸಿಎಲ್9 ಆಗಿದ್ದರೆ 13.5, 1600 ಸಿಎಲ್11 ಆದರೆ 13.75, ಅಂದರೆ ಆ ಲೆಕ್ಕದಲ್ಲಿ ಏನೂ ಮೇಲಲ್ಲ. 1600 ಸಿಎಲ್9 ಆದರೆ 11.25.

2133 ಕಿಟ್‌ಗಳಲ್ಲಿ ಅನೇಕವು 1.65 ವೋಲ್ಟ್ ಕೇಳುತ್ತವೆ. ಈ ಪ್ರೊಸೆಸರ್‌ಗೆ ಇಂಟೆಲ್ ಹೇಳಿರುವ ಮಿತಿ 1.5ರ ಮೇಲೆ ಶೇ 5, ಅಂದರೆ 1.575. ಹಳೆಯ 4 ಜಿಬಿ ರ‍್ಯಾಮ್‌ಗಳನ್ನೂ ಜೊತೆಗೆ ಸೇರಿಸಬೇಡಿ. ನಾಲ್ಕು ಸ್ಲಾಟ್ ತುಂಬಿದರೆ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ, ಎಲ್ಲವೂ ನಿಧಾನದ ರ‍್ಯಾಮ್‌ನ ವೇಗಕ್ಕೆ ಇಳಿಯುತ್ತವೆ.

ಬೋರ್ಡ್ ಕೂರಿಸಿದ ಮೇಲೆ ಪ್ರೊಸೆಸರ್ ಮತ್ತು ರ‍್ಯಾಮ್ ವೇಗ ಎರಡನ್ನೂ ಒಟ್ಟಿಗೆ ಏರಿಸಬೇಡಿ. ಕ್ರ್ಯಾಶ್ ಆದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲು ಬಯಾಸ್ ಸೆಟ್ಟಿಂಗ್ ಉಳಿಸುವ ಹೊಸ ಸಿಆರ್2032 ಸೆಲ್ ಹಾಕಿ, ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಅದರ ನಿಗದಿತ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿ, ಇಡೀ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ಕಂಡರೂ ಆ ರ‍್ಯಾಮ್ ವಾಪಸ್ ಕೊಡಿ. ಅದು ಪಾಸಾದ ಮೇಲೆ ಮಲ್ಟಿಪ್ಲೈಯರ್ 40, ವೋಲ್ಟೇಜ್ 1.25ರಿಂದ ಶುರುಮಾಡಿ, ಒಂದೊಂದೇ ಏರಿಸುತ್ತ 44ಕ್ಕೆ ನಿಲ್ಲಿಸಿ. ಪ್ರತಿ ಹಂತದಲ್ಲೂ ಪ್ರೊಸೆಸರ್‌ಗೆ ಪೂರ್ತಿ ಹೊರೆ ಹಾಕುವ ಪ್ರೈಮ್95 ಅರ್ಧ ಗಂಟೆ, ಕೊನೆಯ ಹಂತದಲ್ಲಿ ಕೆಲವು ಗಂಟೆ ಓಡಲಿ. 0x101 ಅಥವಾ 0x124 ಎಂಬ ನೀಲಿ ಪರದೆ ಬಂದರೆ ಹೆಚ್ಚಾಗಿ ವೋಲ್ಟೇಜ್ ಸಾಲದೆಂದೇ ಅರ್ಥ, 0.01 ಏರಿಸಿ. 1.35 ದಾಟುವ ಬದಲು ಮಲ್ಟಿಪ್ಲೈಯರನ್ನೇ ಒಂದು ಇಳಿಸಿ. ಕ್ರ್ಯಾಶ್ ಆಗದಿದ್ದರೂ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 'ವ್ಹೀಯಾ (WHEA) 19' ಕಂಡರೆ ಪ್ರೊಸೆಸರ್ ತಪ್ಪು ಮಾಡಿ ತಾನೇ ತಿದ್ದಿಕೊಳ್ಳುತ್ತಿದೆ ಎಂದು ತಿಳಿಯಿರಿ. ಅಂಥ ಸೆಟ್ಟಿಂಗ್ ಸ್ಥಿರವಲ್ಲ.

ಬಿಸಿ 80 ಡಿಗ್ರಿ ಒಳಗಿರಲಿ. ಕೋಣೆಯ ಬಿಸಿ ಏರಿದಷ್ಟು ಪ್ರೊಸೆಸರ್‌ದೂ ಏರುತ್ತದೆ. ಡಿಸೆಂಬರ್‌ನ ಚಳಿಯಲ್ಲಿ 75ಕ್ಕೆ ನಿಂತದ್ದು ತುಮಕೂರಿನ ಏಪ್ರಿಲ್ ಮಧ್ಯಾಹ್ನ 85 ದಾಟುತ್ತದೆ. ಡಬ್ಬಿಯ ಜೊತೆ ಬಂದ ಫ್ಯಾನ್ ಸಾಲದು, 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಬೇಕು. ಎಲ್‌ಜಿಎ 1200 ಸಾಕೆಟ್‌ಗೆ ಹೊಂದುವ ಕೂಲರ್‌ನ ರಂಧ್ರಗಳ ಅಂತರ ನಿಮ್ಮ ಬೋರ್ಡ್‌ಗೂ ಸರಿಹೋಗುತ್ತದೆ. 1700ಕ್ಕೆ ಮಾತ್ರ ಮಾಡಿದ್ದು ಕೂರುವುದಿಲ್ಲ.

ಎಸ್‌ಎಂಪಿಎಸ್ (ಪವರ್ ಸಪ್ಲೈ) ಮೇಲಿನ '450 ವ್ಯಾಟ್' ನಂಬಬೇಡಿ, 12 ವೋಲ್ಟ್ ಸಾಲಿನ ಆಂಪಿಯರ್ ಓದಿ. 14 ಆಂಪಿಯರ್ ಇದ್ದರೆ ಸಿಗುವುದು 168 ವ್ಯಾಟ್. ಪ್ರೊಸೆಸರ್‌ಗೆ 140, ಸಣ್ಣ ಗ್ರಾಫಿಕ್ಸ್ ಕಾರ್ಡ್‌ಗೆ 75 ಸೇರಿದರೆ ಅಲ್ಲೇ ಮಿತಿ ಮೀರಿತು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ 8 ಜಿಬಿ ಡಿಡಿಆರ್3 ಹಾಕಿದರೆ ನನ್ನ ಬೋರ್ಡ್ ಬರೀ ಬೀಪ್ ಅನ್ನುತ್ತದೆ. ರ‍್ಯಾಮ್ ಕೆಟ್ಟಿದೆಯೇ?
– ಓದುಗರು, ಚಿಂತಾಮಣಿ

ಉತ್ತರ: ಅದರ ವಿವರದಲ್ಲಿ 'ಎಎಂಡಿಗೆ ಮಾತ್ರ' ಎಂದಿದೆಯೇ ನೋಡಿ. ಅಂಥವುಗಳಲ್ಲಿ ಚಿಪ್‌ಗಳ ಜೋಡಣೆಯೇ ಬೇರೆ, ಇಂಟೆಲ್‌ನ ಮೆಮೊರಿ ಕಂಟ್ರೋಲರ್ ಅದನ್ನು ಗುರುತಿಸದು. ರ‍್ಯಾಮ್ ಕೆಟ್ಟಿಲ್ಲ, ನಿಮ್ಮ ಬೋರ್ಡ್‌ಗೆ ಹೊಂದುತ್ತಿಲ್ಲ. ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಕಳಿಸಿಬಿಡಿ.

ಪ್ರಶ್ನೆ: ನನ್ನದು ಐ5-2400. ಝಡ್77 ಬೋರ್ಡ್ ಹಾಕಿದರೆ ಓವರ್‌ಕ್ಲಾಕ್ ಆಗುತ್ತದೆಯೇ?
– ಓದುಗರು, ಕೋಲಾರ

ಉತ್ತರ: ಆಗುತ್ತದೆ, ಆದರೆ ಟರ್ಬೊ (ಪ್ರೊಸೆಸರ್ ತಾನೇ ಏರುವ ವೇಗ) ಮೇಲೆ ಮಲ್ಟಿಪ್ಲೈಯರ್‌ನ ನಾಲ್ಕು ಮೆಟ್ಟಿಲು ಮಾತ್ರ. ಒಂದೇ ಕೋರ್‌ಗೆ 3.8, ನಾಲ್ಕೂ ಕೋರ್‌ಗೆ 3.6 ಗಿಗಾಹರ್ಟ್ಜ್. ಇಷ್ಟಕ್ಕಾಗಿ ಬೋರ್ಡ್ ಬದಲಿಸುವುದು ಲಾಭದ ಮಾತಲ್ಲ. ಈಗಲೂ ಹಾರ್ಡ್‌ಡಿಸ್ಕ್‌ನಿಂದಲೇ ವಿಂಡೋಸ್ ಓಡುತ್ತಿದ್ದರೆ ಆ ದುಡ್ಡಿಗೆ ಸಾಟಾ ಎಸ್‌ಎಸ್‌ಡಿ ಕೊಳ್ಳಿ. ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ ತೆಗೆದುಕೊಳ್ಳಬೇಡಿ, ಈ ಕಾಲದ ಬಯಾಸ್ ಅದರಿಂದ ಸಾಮಾನ್ಯವಾಗಿ ಬೂಟ್ ಆಗುವುದಿಲ್ಲ.